ಏಳು ಮನಿ ಬೆಕ್ಕು, ಕೀಲಿ ಹಾಕಿದ ಮನಿ

"ಬೆಕ್ಕು ಮರಿ ಹಾಕಿದ ಮ್ಯಾಲೆ ಏಳು ಮನಿ ತಿರಗಸ್ತದ" ಅಂತ ನಮ್ಮಜ್ಜಿ ಹೇಳ್ತಿದ್ಲು. ನೀವೂ ನಿಮ್ಮ ನಿಮ್ಮ ಮನ್ಯಾಗ ಈ ಮಾತು ಕೇಳೇ ಇರ್ತೀರಿ. ಒಂದು ಮನಿ ಅಟ್ಟ, ಇನ್ನೊಂದು ಮನಿ ಕಟಗಿ ಖೋಲಿ, ಮತ್ತೊಂದು ಮನ್ಯಾಗ ಹಳೇ ಟ್ರಂಕಿನ ಹಿಂದ. ಒಂದು ಮನಿಯವರೂ ಅದಕ್ಕ ಬಾ ಅಂದಿರೂದಿಲ್ಲ, ಅದೂ ಯಾರನ್ನೂ ಕೇಳಿರೂದಿಲ್ಲ. ಆದ್ರ ಅದೇ ಬೆಕ್ಕಿಗೆ ಪೆಟ್ಟಾಗಿ ನಾವು ಅದರ ಹಿಂದ ಹೋಗಬೇಕಾತಂದ್ರ, ಏಳೂ ಮನಿ ಬಾಗಲಾ ನಾವೇ ಬಡೀಬೇಕಾಗ್ತದ.

ಹಿಂದಿನ ಸಲ ಹುರಕ್ಕಿ ಹೋಳಿಗಿ ಬಗ್ಗೆ ಬರದಾಗ, "ಹೋಳಿಗಿ ಇರ್ಲಿ, ನಿಮ್ಮ ಬಾಜೂ ಬಂಗಲೇದ ಬೆಕ್ಕಿನ ಕಥಿ ಏನಾತು?" ಅಂತ ನಾಲ್ಕೈದು ಮಂದಿ ಕೇಳಿದ್ರಿ. ಆ ಕಥಿ ಹೇಳ್ತೀನಿ. ಅದರ ಜೋಡಿ ಒಂದು ದೊಡ್ಡ ಕಥೀನೂ ಹೇಳ್ತೀನಿ, ಯಾಕಂದ್ರ ಆ ಬೆಕ್ಕಿನ ನೆವದಿಂದ ನಾ ಭಾಳ ಓದಿದೆ.

ನಮ್ಮ ಧಾರವಾಡದ ಮನಿ ಬಾಜೂ ಒಂದು ಹಳೇ ಹಂಚಿನ ಬಂಗಲೆ ಅದ. ಮಾಲಕರು ಪುಣೆದಾಗ. ಗೇಟಿಗೆ ಕೀಲಿ ಬಿದ್ದು ಆರು ವರ್ಷ ಆತು. ಹಿತ್ತಲದಾಗ ಆಳೆತ್ತರ ಹುಲ್ಲು, ಒಂದು ಹಲಸಿನ ಗಿಡ, ಹಿಂದ ಬಚ್ಚಲ ಖೋಲಿ. ಅಲ್ಲೆ ಒಂದು ಬೂದಿ ಬಣ್ಣದ ಬೆಕ್ಕು ಇರ್ತದ. ನಮ್ಮ ಅತ್ತಿಯವರು ಅದಕ್ಕ "ಬೂದಿ" ಅಂತಾರ. ಸಾಕಿದ ಬೆಕ್ಕಲ್ಲ, ಹುಟ್ಟಿದಾಗಿಂದ ಮನುಷ್ಯಾರ ಕೈ ಮುಟ್ಟಿಸಿಕೊಂಡದ್ದೇ ಅಲ್ಲ. ನಾವು ಗ್ವಾಡಿ ಮ್ಯಾಲೆ ಹಾಲು-ಅನ್ನ ಇಟ್ಟು ಒಳಗ ಬಂದ ಮ್ಯಾಲೇ ಅದು ತಿನ್ನಲಿಕ್ಕೆ ಬರೂದು.

ಹೋದ ಶ್ರಾವಣದಾಗ ಒಂದು ಮುಂಜಾನೆ ಗೇಟಿನ ಸಂದ್ಯಾಗಿಂದ ನೋಡಿದ್ರ, ಅದರ ಹಿಂದಿನ ಕಾಲು ಜೋತಾಡ್ಲಿಕ್ಕತ್ತಿತ್ತು. ಕಾಲಿನ ತುಂಬ ರಕ್ತ. ನಾಯಿ ಹಿಡದಿತ್ತೋ, ಗಾಡಿ ತಾಗಿತ್ತೋ ಗೊತ್ತಿಲ್ಲ. ನಂಗ ಜೀವ ನಿಲ್ಲಲಿಲ್ಲ. ಮಗನ್ನ ಎಬ್ಬಿಸಿ, "ಕಂಪೌಂಡ ಹಾರಿ ಹಿಡಕೊಂಡು ಬಾ" ಅಂತ ಒಂದು ಚಾದರ ಕೊಟ್ಟು ಕಳಿಸಿದೆ. ಅಂವ ಧೊಪ್ಪಂತ ಆ ಕಡೆ ಇಳಿದಾ. ಬೆಕ್ಕು ಮೂರು ಕಾಲಿನ ಮ್ಯಾಲೆ ಓಡಿ ಹಂಚಿನ ರಾಶಿಯೊಳಗ ಹೊಕ್ಕಿತು. ಅಷ್ಟ. ಮುಂದ ಎರಡು ದಿನ ಅದರ ಮುಖಾನ ಕಾಣಲಿಲ್ಲ.

ಕಂಡದ್ದು ಮಾಲಕರ ಫೋನು. ಯಾರೋ ಸುದ್ದಿ ಮುಟ್ಟಿಸಿದ್ರು. "ನಮ್ಮ ಕಂಪೌಂಡಿನ್ಯಾಗ ಯಾರನ್ನ ಕೇಳಿ ಇಳಿದ್ರಿ?" ಅಂದ್ರು. "ಬೆಕ್ಕು ಸಾಯ್ಲಿಕ್ಕತ್ತದ್ರಿ" ಅಂದೆ. "ಅದು ನಮ್ಮ ಬೆಕ್ಕಲ್ಲ" ಅಂದ್ರು. "ನಮ್ಮದೂ ಅಲ್ರಿ" ಅಂದೆ. ಫೋನ್ ಇಟ್ರು.

ಆ ರಾತ್ರಿ ನಿದ್ದಿ ಬರಲಿಲ್ಲ. ಅವರ ಬೆಕ್ಕಲ್ಲ, ನಮ್ಮ ಬೆಕ್ಕಲ್ಲ, ಹಂಗಾದ್ರ ಯಾರದು? ಈ ಪ್ರಶ್ನೆ ನಮ್ಮ ಓಣ್ಯಾಗ ಮೊದಲ ಸಲ ಹುಟ್ಟಿದ್ದಂತೂ ಇರಲಾರದು ಅಂತ ಓದ್ಲಿಕ್ಕೆ ಕೂತೆ.

ಲಂಡನ್ನಿನ ಕೀಲಿ ಹಾಕಿದ ಮನಿಗೋಳು

ನೂರೈವತ್ತು ವರ್ಷದ ಹಿಂದಿನ ಲಂಡನ್ನಿನ್ಯಾಗ ಶ್ರೀಮಂತರ ಪದ್ಧತಿ ಹಿಂಗಿತ್ತು: ಬ್ಯಾಸಗಿ ಬಂತಂದ್ರ ಮನಿಗೆ ಕೀಲಿ ಹಾಕಿ ಸಮುದ್ರದ ದಂಡಿಗೋ ಹಳ್ಳಿಗೋ ಹೋಗೂದು. ಪಾತ್ರಿ-ಪಗಡಿ ಕಪಾಟಿನೊಳಗ, ಕುರ್ಚಿ-ಮೇಜಿಗೆ ಬಟ್ಟಿ ಹೊದಿಕಿ, ಬೆಕ್ಕು ಮಾತ್ರ ಹೊರಗ. "ಬೆಕ್ಕೇನು, ತನ್ನ ಹೊಟ್ಟಿ ತಾ ನೋಡಿಕೊಳ್ತದ" ಅಂತ. ಅಡಿಗೀ ಮನಿಯ ಒಲಿ ಮುಂದ ಮಲಗಿ ಬೆಳೆದ ಬೆಕ್ಕು ವಾರಗಟ್ಟಲೆ ಮುಚ್ಚಿದ ಬಾಗಲದ ಮುಂದ ಕೂಡತಿತ್ತು. ಆಮ್ಯಾಲೆ ಬಡಕಲಾಗಿ, ಗಾಯಾಗಿ, ಕಾಡು ಬೆಕ್ಕಿನಂಗ ಆಗಿ ಅದೇ ಮನಿ ನೆಲಮಾಳಗಿ ಹತ್ರ ಮರಿ ಹಾಕ್ತಿತ್ತು. ಕಬ್ಬಿಣದ ಕಟಾಂಜನದ ಆಚಿಕಡೆ ಬೆಕ್ಕು, ಈಚಿಕಡೆ ನೋಡಿ ಮರಗೋ ಹೆಣ್ಣಮಕ್ಕಳು, ನಡುವ ಕೀಲಿ.

ಕಾಯ್ದೆ ಏನಾರ ಅಂತಿತ್ತೇನು? 1822ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಪ್ರಾಣಿಹಿಂಸೆ ತಡಿಯೋ ಮೊದಲ ಕಾಯ್ದೆ ಮಾಡಿತು. ಅದು ದನ, ಕುದುರಿ, ಕುರಿಗಳ ಸಲುವಾಗಿ. 1835ರಲ್ಲಿ ನಾಯಿ ಮತ್ತು ಬ್ಯಾರೆ ಸಾಕು ಪ್ರಾಣಿಗಳನ್ನೂ ಅದರೊಳಗ ಸೇರಿಸಿದ್ರು. ಆದ್ರ ಈ ಕಾಯ್ದೆಗಳ ಕಣ್ಣು ಇದ್ದದ್ದು ಹೊಡಿಯೋ ಕೈ ಮ್ಯಾಲೆ. ಕೀಲಿ ಹಾಕಿ ಸುಮ್ಮನ ಹೋದವರ ಮ್ಯಾಲೆ ಅಲ್ಲ. ಪ್ರಾಣೀನ ನರಳೋ ಸ್ಥಿತಿಯೊಳಗ ಬಿಟ್ಟು ಹೋಗೂದೇ ಅಪರಾಧ ಅಂತ ಬಿಡಿಸಿ ಹೇಳೋ ಕಾಯ್ದೆ ಅಲ್ಲೆ ಬಂದದ್ದು 1960ರಲ್ಲಿ.

ಅಷ್ಟು ದಿನ ಈ ಕೆಲಸ ಮಾಡಿದವರು ಹೆಚ್ಚಿನಂಶ ಹೆಣ್ಣಮಕ್ಕಳು. ಮೇರಿ ಟೀಲ್ಬಿ ಅನ್ನಾಕಿ 1860ರಲ್ಲಿ ಲಂಡನ್ನಿನ ಹಾಲೊವೇದಾಗ ದಿಕ್ಕಿಲ್ಲದ ನಾಯಿಗಳ ಸಲುವಾಗಿ ಒಂದು ಮನಿ ಶುರು ಮಾಡಿದಳು. ಗಂಡನಿಂದ ದೂರಾಗಿದ್ದಳು, ಮೈಯೊಳಗ ಕ್ಯಾನ್ಸರ್ ಇತ್ತು. ಪತ್ರಿಕೆಯವರು ನಕ್ಕರು, ಮನುಷ್ಯಾರಿಗೇ ಗತಿ ಇಲ್ಲದಾಗ ನಾಯಿಗೆ ಧರ್ಮಶಾಲೆಯೇನು ಅಂದ್ರು. ಆಕಿ 1865ರಲ್ಲಿ ತೀರಿಕೊಂಡಳು. ಆದ್ರ ಆ ಮನಿ ನಿಂತಿತು, 1871ರಲ್ಲಿ ಬ್ಯಾಟರ್ಸಿಗೆ ಹೋತು. ಬೆಕ್ಕುಗಳಿಗೆ ಅಲ್ಲೆ ಜಾಗಾ ಸಿಕ್ಕಿದ್ದು 1883ರಲ್ಲಿ. ಅಂದ್ರ ನಾಯಿಗಿಂತ 23 ವರ್ಷ ತಡಾ! ಮುಂದ 1896ರಲ್ಲಿ ಕ್ಯಾಮ್ಡನ್ ಟೌನಿನ್ಯಾಗ ಮಾರ್ಗನ್ ಅನ್ನೋ ಬಾಯಾರು ಹಸಿದ, ದಿಕ್ಕಿಲ್ಲದ ಬೆಕ್ಕುಗಳ ಸಲುವಾಗೇ ಒಂದು ಸಂಸ್ಥಾ ತಗದ್ರು.

ಉಳಸೂದು ಅಂದ್ರ ಏನು?

ಇಲ್ಲಿತನ ಓದಿ ನಂಗ ಭಾಳ ಸಮಾಧಾನ ಆಗಿತ್ತು. ಮುಂದಿನದು ಓದಿದ ಮ್ಯಾಲೆ ಅದು ಉಳೀಲಿಲ್ಲ. ಆ ಕಾಲದಾಗ "ಉಳಿಸಿದ್ವಿ" ಅಂತ ಬರದ ಬೆಕ್ಕುಗಳೊಳಗ ಹೆಚ್ಚಿನವು ಬದುಕಲಿಲ್ಲ. ಬ್ಯಾಟರ್ಸಿಯೊಳಗ 1884ರಲ್ಲಿ ಬೆಂಜಮಿನ್ ರಿಚರ್ಡ್‌ಸನ್ ಅನ್ನೋ ವೈದ್ಯ ಒಂದು ಖೋಲಿ ಕಟ್ಟಿಸಿದಾ. ಅದರೊಳಗ ವಿಷಗಾಳಿ ಬಿಟ್ಟು, ನೋವಾಗಧಂಗ ಪ್ರಾಣಿಗಳನ್ನ ಮಲಗಿಸಿಬಿಡೂದು. ಇಡ್ಲಿಕ್ಕೆ ಜಾಗಾ ಇಲ್ಲ, ಶಸ್ತ್ರಕ್ರಿಯಾ ಮಾಡೋ ಅನುಕೂಲ ಇಲ್ಲ, ಕೈಗೆ ಸಿಗಲಾರದ ಬೆಕ್ಕನ್ನ ಒಯ್ದು ಸಾಕೋರಿಲ್ಲ. ಅವರ ಪಾಲಿಗೆ ದಯಾ ಅಂದ್ರ ಹಸಿವಿನಿಂದ, ಹುಳಾ ಬಿದ್ದ ಗಾಯದಿಂದ ಸಾಯೂದು ತಪ್ಪಿಸಿ ಸುಖದ ಸಾವು ಕೊಡೂದು.

ಇದನ್ನ ಓದಿ ನಾ ಅವರನ್ನ ಬಯ್ಯಲಿಕ್ಕೆ ಹೋದೆ. ನಮ್ಮ ಅತ್ತಿಯವರು ತಡದ್ರು. "ನಿನ್ನ ಹತ್ರ ಈಗ ಡಾಕ್ಟರ್ ಇದ್ದಾರ, ಸೂಜಿ ಅದ. ಅವರ ಹತ್ರ ಏನಿತ್ತು?" ಅಂದ್ರು. ಖರೇನ.

ಆ ಕೊರತಿ ತುಂಬಲಿಕ್ಕೆ ಬಂದಾಕಿ ಮಾರಿಯಾ ಡಿಕಿನ್. 1917ರಲ್ಲಿ, ಮೊದಲನೇ ಮಹಾಯುದ್ಧದ ನಡುವ, ಪೂರ್ವ ಲಂಡನ್ನಿನ ವೈಟ್‌ಚಾಪಲ್ ಅನ್ನೋ ಬಡವರ ಓಣಿಯ ಒಂದು ನೆಲಮಾಳಗಿಯೊಳಗ ಆಕಿ ಪುಕಸಟ್ಟೆ ಪಶು ದವಾಖಾನಿ ತಗದಳು. ಬೆಕ್ಕಾಗ್ಲಿ ಕತ್ತಿ ಆಗ್ಲಿ, ಯಾವುದೇ ಜೀವ ತರ್ರಿ, ರೊಕ್ಕ ಬ್ಯಾಡ ಅಂತ ಬೋರ್ಡು. ಮೊದಲ ಮಂದಿ ಅನುಮಾನದಿಂದ ನೋಡಿದ್ರು. ಆಮ್ಯಾಲೆ ಓಣಿ ತುಂಬ ಸಾಲು ಹಚ್ಚಿದ್ರು. ಆಕಿ ಮನಿ ಮನಿ ಬಾಗಲಕ್ಕ ಹೋಗಿ ಬಡಿಯೋಕ್ಕಿಂತ ಮನಿಯವರೇ ತಮ್ಮ ಕೈಯಾಗ ಪ್ರಾಣೀನ ಎತ್ತಿಕೊಂಡು ಬರೋ ಹಂಗ ಮಾಡಿದ್ಲು. 1927ರಲ್ಲಿ ಬೆಕ್ಕುಗಳ ಸಲುವಾಗೇ ದೇಶದ ತುಂಬ ಕೆಲಸ ಮಾಡೋ ಸಂಘ ಬಂತು. ಅದರ ಮೊದಲ ಸಭಾದ ಅಧ್ಯಕ್ಷತೆ ವಹಿಸಿದಾಕಿಯೂ ಹೆಣ್ಣಮಗಳೇ, ಜೆಸಿ ವೇಡ್ ಅಂತ.

ಮನಿ ಬಿತ್ತು, ಬೆಕ್ಕು ಹೋಗಲಿಲ್ಲ

1939ರ ಸೆಪ್ಟೆಂಬರದಾಗ ಎರಡನೇ ಮಹಾಯುದ್ಧ ಶುರು ಆತು. ಬಾಂಬ್ ಬೀಳ್ತಾವ, ಪ್ರಾಣಿಗಳಿಗೆ ಹಾಕ್ಲಿಕ್ಕೆ ಏನೂ ಸಿಗೂದಿಲ್ಲ ಅನ್ನೋ ಭಯಕ್ಕ ಲಂಡನ್ನಿನ ಮಂದಿ ಮೊದಲ ವಾರದಾಗೇ ಸುಮಾರು 4 ಲಕ್ಷ ನಾಯಿ-ಬೆಕ್ಕುಗಳನ್ನ ತಾವಾಗೇ ಒಯ್ದು ಕೊಲ್ಲಿಸಿದ್ರು ಅಂತ ಇತಿಹಾಸಕಾರರ ಲೆಕ್ಕ. ಆವಾಗ ಇನ್ನೂ ಒಂದು ಬಾಂಬೂ ಬಿದ್ದಿರಲಿಲ್ಲ. ಹೆದರಿಕಿ ಮನುಷ್ಯಾರ ಕೈಲೆ ಏನು ಮಾಡಸ್ತದ ನೋಡ್ರಿ.

ಮರುವರ್ಷ ಬಾಂಬ್ ಖರೇನ ಬಿದ್ದವು. ಮನಿಯವರು ಬ್ಯಾರೆ ಕಡೆ ಹೋದ್ರು, ಬೆಕ್ಕು ಮಾತ್ರ ತನ್ನ ಮನಿ ಬಿದ್ದ ಇಟ್ಟಂಗಿ ರಾಶಿ ಬಿಟ್ಟು ಕದಲಲಿಲ್ಲ. ನಾಯಿ ಮಂದಿ ಹಿಂದ ಹೋಗ್ತದ, ಬೆಕ್ಕು ಜಾಗಾ ಹಿಡಕೊಂಡು ಕೂಡತದ ಅಂತ ನಮ್ಮ ಹಿರ್ಯಾರು ಹೇಳೂದು ಅಲ್ಲೆ ಕಣ್ಣಿಗೆ ಕಂಡಿತು. ಡಿಕಿನ್ ಬಾಯಾರ ಸಂಸ್ಥಾದ ತಂಡಗಳು ಆ ರಾಶಿ ಅಗದು ಗಾಯಾದ ಪ್ರಾಣಿಗಳನ್ನ ತಗೀತಿದ್ವು. ಒಂದು ತಂಡದವರ ಜೋಡಿ ಬ್ಯೂಟಿ ಅನ್ನೋ ಟೆರಿಯರ್ ನಾಯಿ ಹೋಗ್ತಿತ್ತು. 1940ರಲ್ಲಿ ಒಂದು ದಿನ ಅದು ತನ್ನಷ್ಟಕ್ಕ ತಾನೇ ಒಂದು ಕಡೆ ಕೆದರಲಿಕ್ಕೆ ಹತ್ತಿತು. ಅಗದು ನೋಡಿದ್ರ ಮೇಜಿನ ಕೆಳಗ ಒಂದು ಬೆಕ್ಕು, ಜೀವಂತ. ಯುದ್ಧ ಮುಗಿಯೋದ್ರೊಳಗ ಆ ನಾಯಿ 63 ಪ್ರಾಣಿಗಳನ್ನ ಹುಡುಕಿ ಕೊಟ್ಟಿತು, ಪದಕಾನೂ ಬಂತು. ಬೆಕ್ಕಿಗೆ ನಾಯಿ ವೈರಿ ಅಂತೀವಿ ನಾವು!

ಹಿಡದು ಒಯ್ಯೂದಷ್ಟ ಅಲ್ಲ, ತಂದು ಬಿಡೂದು

ಯುದ್ಧ ಮುಗದು ಮಂದಿ ಬೆಕ್ಕಿನ ಗಾಯಾ ಮರತ್ರು, ಬೆಕ್ಕುಗಳು ಹೆಚ್ಚಾದ್ವು. ಎಲ್ಲೆ ಬೆಚ್ಚಗಿನ ಮೂಲಿ, ಎಲ್ಲೆ ಮುಸುರಿ ಸಿಗತದ ಅಲ್ಲೆ: ದವಾಖಾನಿ ಬಾಯ್ಲರ್ ಖೋಲಿ, ಕಾರ್ಖಾನಿ, ಹೋಟೆಲಿನ ಹಿಂದ. ಪೋರ್ಟ್ಸ್‌ಮತ್ ಅನ್ನೋ ಊರಿನ ನೌಕಾದಳದ ಹಡಗುಕಟ್ಟಿಯೊಳಗ, ಎತ್ತರದ ಗ್ವಾಡಿ ನಡುವ, ಸುಮಾರು 300 ಬೆಕ್ಕು ತಲೆತಲಾಂತರದಿಂದ ಬದುಕಿದ್ದನ್ನ ಜೇನ್ ಡಾರ್ಡ್ಸ್ ಅನ್ನೋ ಸಂಶೋಧಕಿ 1970ರ ದಶಕದಾಗ ಲೆಕ್ಕ ಹಾಕಿದ್ಲು. ಎಲ್ಲಾ ಬೇಲಿಯೊಳಗಿನ ಜಾಗಾ, ಮ್ಯಾನೇಜರನ ಅಪ್ಪಣಿ ಇಲ್ದ ಒಳಗ ಕಾಲಿಡೋ ಹಂಗಿಲ್ಲ. ಬೆಕ್ಕು ಹೆಚ್ಚಾದ್ವು ಅಂದ್ರ ಇಲಿ, ಝರಲಿ ಕೊಲ್ಲೋರನ್ನೇ ಕರೆಸ್ತಿದ್ರು.

ಆವಾಗ ರುತ್ ಪ್ಲಾಂಟ್, ಸೀಲಿಯಾ ಹ್ಯಾಮಂಡ್ ಅಂಥ ಹೆಣ್ಣಮಕ್ಕಳು ಮ್ಯಾನೇಜರರ ಮುಂದ ಕೂತು ಬ್ಯಾರೆ ಲೆಕ್ಕ ಹೇಳಿದ್ರು. ಬೆಕ್ಕು ಸುಮಾರು 9 ವಾರಕ್ಕ ಈಯತದ, ವರ್ಷಕ್ಕ ಎರಡು ಮೂರು ಸಲ. ನೀವು ಇದ್ದ ಬೆಕ್ಕೆಲ್ಲಾ ಕೊಂದ್ರ ಜಾಗಾ ಖಾಲಿ ಆಗ್ತದ; ಮುಸುರಿ ಹಂಗೇ ಇರ್ತದ; ಬಾಜೂ ಓಣಿ ಬೆಕ್ಕು ಬರ್ತಾವ. ಅದರ ಬದಲಿಗೆ ನಮಗ ಗೇಟು ತಗೀರಿ. ಬೋನು ಹಚ್ಚಿ ಹಿಡೀತೀವಿ, ಗಾಯಾ ಇದ್ರ ಔಷಧಾ ಮಾಡಸ್ತೀವಿ, ಮರಿ ಆಗಧಂಗ ಆಪರೇಷನ್ ಮಾಡಿಸಿ ಇಲ್ಲೇ ತಂದು ಬಿಡ್ತೀವಿ. ಅವು ಹೊಸಾ ಬೆಕ್ಕನ್ನ ಒಳಗ ಬಿಟ್ಟುಕೊಳ್ಳೂದಿಲ್ಲ, ನಿಮ್ಮ ಇಲಿ ಕಾಟಾನೂ ಕಡಿಮಿ ಇರ್ತದ. ಆಪರೇಷನ್ ಆದ ಬೆಕ್ಕಿನ ಗುರುತಿಗೆ, ಮಂಪರಿನ್ಯಾಗ ಇದ್ದಾಗೇ ಎಡಗಿವಿ ತುದಿ ಒಂಚೂರು ಕತ್ತರಿಸ್ತಾರ. ದೂರದಿಂದಲೇ ಗೊತ್ತಾಗ್ತದ, ಅದನ್ನ ಎರಡನೇ ಸಲ ಹಿಡದು ಹಿಂಸಾ ಕೊಡೂದು ತಪ್ತದ.

ರುತ್ ಪ್ಲಾಂಟ್ ತನ್ನ ಸಂಘ ಕಟ್ಟಿದ್ದು 1977ರಲ್ಲಿ. 1980ರಲ್ಲಿ ಅಲ್ಲಿನ ಪ್ರಾಣಿಕಲ್ಯಾಣದ ವಿದ್ವಾಂಸರು ಒಂದು ವಿಚಾರ ಸಂಕಿರಣ ಮಾಡಿ ಈ ಪದ್ಧತಿ ಬಗ್ಗೆ ಕೂತು ಚರ್ಚಾ ಮಾಡಿದ್ರು. ಸೀಲಿಯಾ ಹ್ಯಾಮಂಡ್ 1960ರ ದಶಕದಾಗ ಹೆಸರಾದ ಮಾಡೆಲ್. ಪತ್ರಿಕಾ ಮುಖಪುಟದ ಮ್ಯಾಲೆ ಬರ್ತಿದ್ದಾಕಿ. ಅದನ್ನ ಬಿಟ್ಟು ಬೆಕ್ಕಿನ ಬೋನು ಹಿಡಕೊಂಡು ರಾತ್ರಿ ಕಾರ್ಖಾನಿ ಹಿತ್ತಲ ಕಾಯಲಿಕ್ಕೆ ಹತ್ತಿದಳು. 1986ರಲ್ಲಿ ಟ್ರಸ್ಟ್ ಮಾಡಿ, 1995ರಲ್ಲಿ ಲಂಡನ್ನಿನ ಲೆವಿಶಮ್‌ದಾಗ ಕಡಿಮಿ ಖರ್ಚಿನ ದವಾಖಾನಿ ತಗದಳು. 2012ರ ಒಲಿಂಪಿಕ್ಸ್ ಸಲುವಾಗಿ ಪೂರ್ವ ಲಂಡನ್ನಿನ ಹಳೇ ಕಾರ್ಖಾನಿಗಳನ್ನ ಕೆಡವಲಿಕ್ಕೆ ಬೇಲಿ ಹಾಕಿದಾಗ, ಒಳಗ ಉಳಿದ ಬೆಕ್ಕುಗಳನ್ನ ತಗೀಲಿಕ್ಕೆ ಅಪ್ಪಣಿ ಬೇಡಿ, ಪಡಕೊಂಡು, ಬುಲ್ಡೋಜರ್ ಬರೂದ್ರೊಳಗ ಒಂದೊಂದೇ ಹಿಡದು ಹೊರಗ ತಂದಾಕಿನೂ ಈಕಿನ.

ಇಟಲಿಯೊಳಗ ಇದು ಕಾಯ್ದೆ ಆಗಿ ಕೂತದ. ರೋಮ್ ಊರಿನ್ಯಾಗ ಬೆಕ್ಕಿಗೆ ಊಟ ಹಾಕೋ ಹೆಂಗಸೂರಿಗೆ "ಗತ್ತಾರೆ" ಅಂತ ಒಂದು ಹೆಸರೇ ಅದ. ಜೂಲಿಯಸ್ ಸೀಸರನ್ನ ಕೊಂದ ಜಾಗಾ ಅಂತಾರಲ್ಲ, ಆ ಹಾಳು ದೇವಸ್ಥಾನಗಳ ನಡುವ ಸಾವಿರಾರು ವರ್ಷದ ಕಲ್ಲಿನ ಮ್ಯಾಲೆ ಬೆಕ್ಕುಗಳು ಬಿಸಲು ಕಾಸತಾವ. ಸಿನಿಮಾ ನಟಿ ಅನ್ನಾ ಮಾನ್ಯಾನಿ ಕೂಡ ಅಲ್ಲಿನ ಬೆಕ್ಕಿಗೆ ತಿನ್ನಲಿಕ್ಕೆ ಹಾಕ್ತಿದ್ಲಂತ. 1991ರ ಕಾಯ್ದೆ ಪ್ರಕಾರ ಸ್ವತಂತ್ರ ಬದುಕೋ ಬೆಕ್ಕಿಗೆ ಹಿಂಸಾ ಕೊಡೋ ಹಂಗಿಲ್ಲ. ಸರ್ಕಾರಿ ವೈದ್ಯರು ಆಪರೇಷನ್ ಮಾಡಿ ಅದರ ಗುಂಪಿಗೇ ತಿರುಗಿ ಬಿಡಬೇಕು. "ಯಾರ ಬೆಕ್ಕು" ಅನ್ನೋ ಪ್ರಶ್ನೆ ಬಿಟ್ಟು "ಎಲ್ಲಿ ಬೆಕ್ಕು" ಅಂತ ಆ ಕಾಯ್ದೆ ಕೇಳತದ. ನಂಗ ಇದು ಭಾಳ ಹಿಡಿಸಿತು.

ನಮ್ಮ ಕಡೆ

ನಮ್ಮ ಮಂದಿ ದಯಾ ಪರದೇಶದಿಂದ ಕಲೀಲಿಲ್ಲ. ಬೆಕ್ಕು ಕೊಂದ್ರ ಬಂಗಾರದ ಬೆಕ್ಕು ಮಾಡಿಸಿ ಕಾಶಿಯೊಳಗ ದಾನಾ ಕೊಡಬೇಕು ಅಂತ ಹೆದರಿಸಿ ಬೆಳಸ್ಯಾರ ನಮಗ. ಆದ್ರ ಅಕ್ಕಾ, ಆ ಮಾತು ಕೊಲ್ಲಬ್ಯಾಡ ಅಂತದ. ಕಾಲು ಮುರದು ಬಿದ್ದಿದ್ರ ಎತ್ತು ಅನ್ನೂದಿಲ್ಲ. ಹಂಗಾಗಿ ನಾವು ಬೆಕ್ಕನ್ನ ಕೊಲ್ಲೂದಿಲ್ಲ, ಗೋಣಿಚೀಲದಾಗ ಹಾಕಿ ಊರ ಹೊರಗ ಬಿಟ್ಟು ಬರ್ತೀವಿ.

ಧಾರವಾಡ ಆವಾಗ ಮುಂಬೈ ಇಲಾಖಾದಾಗ ಇತ್ತಲ್ಲ, ಆ ಮುಂಬೈದಾಗೇ 1832ರಲ್ಲಿ ಸರ್ಕಾರ ಬೀದಿ ನಾಯಿ ಕೊಲ್ಲಸ್ಲಿಕ್ಕೆ ಹೋಗಿ ಪಾರ್ಸಿ ಮಂದಿ ದಂಗೆ ಎದ್ದಿದ್ರು. ಎರಡು ವರ್ಷಕ್ಕ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತ ಗುಜರಾತಿ ವ್ಯಾಪಾರಸ್ಥರು ಕೂಡಿ ಮುದಿ, ರೋಗಿಷ್ಠ ಪ್ರಾಣಿಗಳ ಸಲುವಾಗಿ ಪಾಂಜರಾಪೋಳ ಕಟ್ಟಿಸಿದ್ರು. 1883ರಲ್ಲಿ ದಿನ್‌ಶಾ ಪೆಟಿಟ್ ತಮ್ಮ ಹೆಂಡತಿ ಸಾಕರ್‌ಬಾಯಿ ಹೆಸರಿಲೆ ಪರೇಲ್‌ದಾಗ ಪಶು ದವಾಖಾನಿ ಮಾಡಿಸಿದ್ರು. ಅದು ಇವತ್ತಿಗೂ ನಡೀತದ.

ಸ್ವಾತಂತ್ರ್ಯ ಬಂದ ಮ್ಯಾಲೆ ಈ ಮಾತು ದಿಲ್ಲಿಯೊಳಗ ಎತ್ತಿದಾಕಿ ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭಾಕ್ಕ ಹೋದ್ರು, ಪ್ರಾಣಿಹಿಂಸೆ ತಡೆಯೋ ಮಸೂದಿ ತಾವೇ ತಂದ್ರು. "ಸರ್ಕಾರದಿಂದಲೇ ಕಾಯ್ದೆ ತರ್ತೀವಿ, ನೀವು ಹಿಂದ ತಗೋರಿ" ಅಂತ ನೆಹರೂ ಮಾತು ಕೊಟ್ರು. ಆ ಮಾತು 1960ರಲ್ಲಿ ಕಾಯ್ದೆ ಆತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿ ಆದಾಗ ರುಕ್ಮಿಣಿ ದೇವಿಯವರೇ ಅದರ ಮೊದಲ ಅಧ್ಯಕ್ಷರು. ಹಸಿವಿ, ನೀರಡಕಿಯಿಂದ ನರಳೋ ಹಂಗ ಪ್ರಾಣೀನ ಸಕಾರಣ ಇಲ್ಲದ ಬಿಟ್ಟು ಹೋಗೂದು ಆ ಕಾಯ್ದೆ ಪ್ರಕಾರ ಅಪರಾಧ. ದಂಡ ಎಷ್ಟು ಗೊತ್ತೇನು? ಮೊದಲ ಸಲಕ್ಕ 10 ರೂಪಾಯಿಯಿಂದ 50 ರೂಪಾಯಿ! ಆಗಿನ ಕಾಲದಾಗ 50 ಅಂದ್ರ ಏನಾರ ಇತ್ತು. ಈಗ ಒಂದು ಪ್ಲೇಟ್ ಮಿಸಳ್ ಬರೂದಿಲ್ಲ. ಮತ್ತ ಈ ಕಾಯ್ದೆ ಹಿಂಸಾ ಕೊಟ್ಟವರಿಗೆ ಶಿಕ್ಷಾ ಹೇಳತದ. ಬಾಜೂ ಮನಿ ಕಂಪೌಂಡ ಹಾರಲಿಕ್ಕೆ ನನ್ನಂಥಾಕಿಗೆ ಹಕ್ಕೇನೂ ಕೊಡೂದಿಲ್ಲ.

ಅಲ್ಲಿಗೆ ನಂಗ ತಿಳೀತು. ಇನ್ನೂರು ವರ್ಷದಿಂದ ಈ ಕೆಲಸ ಯಾರ ಕೈಯಾಗ ದಡಾ ಮುಟ್ಟಿತು ಅಂದ್ರ, ಗೇಟು ತಗಸಿಕೊಂಡವರ ಕೈಯಾಗ. ನಾ ಹಾರ್ಲಿಕ್ಕೆ ಕಳಿಸಿದ್ದೆ.

ಕೀಲಿಕೈ

ಮೂರನೇ ದಿನ ಓಣಿ ತುದಿಯ ಮೌಶಿ ಹತ್ರ ಹೋಗಿ ಎಲ್ಲಾ ಹೇಳಿದೆ. ವಯಸ್ಸು ಎಂಬತ್ತರ ಮ್ಯಾಲೆ. ಎಲ್ಲಾ ಕೇಳಿ, "ನೀ ಅದರ ಹೊಟ್ಟಿ ನೋಡಿಯೇನ?" ಅಂದ್ರು. ನಾ ಬರೇ ಕಾಲು ನೋಡಿದ್ದೆ. "ಹೋದ ವಾರ ನಮ್ಮ ಗ್ವಾಡಿ ಮ್ಯಾಲೆ ಬಂದಿತ್ತು. ಮೊಲಿ ಇಳಿದಿದ್ವು. ಬಾಣಂತಿ ಅದ ಅದು."

ಆಮ್ಯಾಲೆ ಪುಣೆಕ್ಕ ಫೋನ್ ಹಚ್ಚಿಸಿದ್ರು. ಮಾಲಕರಿಗಲ್ಲ, ಅವರ ಅವ್ವಗ. ನಲವತ್ತು ವರ್ಷ ಈ ಇಬ್ಬರೂ ಒಬ್ಬರ ಮನಿಗೆ ಒಬ್ಬರು ಅರಿಷಿಣ-ಕುಂಕುಮಕ್ಕ ಹೋಗಿ ಬಂದವರು. ಮೌಶಿ ಬೆಕ್ಕಿನ ಸುದ್ದೀನ ತಗೀಲಿಲ್ಲ ಮೊದಲ. ಮೊಣಕಾಲು ನೋವು, ಪುಣೆದ ಥಂಡಿ, ಮೊಮ್ಮಗನ ಲಗ್ನ. ಕಡೀಕ, "ಏನವಾ, ನಿಮ್ಮ ಹಿತ್ತಲದಾಗ ಒಬ್ಬಾಕಿ ಬಾಣಂತಿ ಕಾಲು ಮುರಕೊಂಡು ಬಿದ್ದಾಳ. ಏನ ಮಾಡೂಣು?" ಅಂದ್ರು.

ಆ ಕಡಿಂದ ಒಂದು ಕ್ಷಣ ಮಾತಿಲ್ಲ. ಆಮ್ಯಾಲೆ, "ಕೀಲಿಕೈ ಹೂವಿನಾಕಿ ಹತ್ರ ಅದಲ್ಲ. ಶುಕ್ರವಾರ ತುಳಸಿಗೆ ದೀಪಾ ಹಚ್ತಾಳ. ತಗೋರಿ. ನನ್ನ ಮಗಗ ನಾ ಹೇಳ್ತೀನಿ" ಅಂದ್ರು.

ಕೀಲಿಕೈ ನಮ್ಮ ಓಣ್ಯಾಗೇ ಇತ್ತು. ನಾ ದಿನಾ ಹೂವು ತಗೊಳ್ಳೋ ಬುಟ್ಟಿಯಾಕಿ ಸೆರಗಿನ್ಯಾಗ.

ಊರಾಗ ಈ ಕೆಲಸ ಮಾಡೋ ಹುಡುಗರಿಂದ ಇಲಿಬೋನಿನಂಥಾ ದೊಡ್ಡ ಬೋನು ತಂದ್ವಿ. ನಾ ಹಾಲು-ಅನ್ನ ಇಟ್ಟೆ, ಬರಲಿಲ್ಲ. ಹೂವಿನಾಕಿ ಒಣಮೀನು ತಂದಿಟ್ಟಳು. ಅತ್ತಿಯವರು ಮುಖಾ ಆ ಕಡೆ ಮಾಡಿ ನಿಂತ್ರು, ಆದ್ರ ಬ್ಯಾಡ ಅನ್ನಲಿಲ್ಲ. ಅರ್ಧಾ ತಾಸಿನ್ಯಾಗ ಬೋನು ಟಪ್ಪಂತ ಬಿತ್ತು. ಮ್ಯಾಲೆ ಚಾದರ ಹೊಚ್ಚಿದ್ವಿ; ಕತ್ತಲಾತಂದ್ರ ಬೆಕ್ಕು ಶಾಂತ ಆಗ್ತದ.

ಬೆಕ್ಕು ದವಾಖಾನಿಗೆ ಹೋತು, ನಾವು ಮರಿ ಹುಡುಕಲಿಕ್ಕೆ ನಿಂತ್ವಿ. ಬಚ್ಚಲ ಖೋಲಿ ಒಲಿಯೊಳಗ, ಹಂಡೆದ ಕೆಳಗ, ಬೂದ್ಯಾಗ ಮೂರು ಮರಿ. ಎರಡು ಕ್ಷೀಣ ದನೀಲೆ ಒದರ್ತಿದ್ವು. ಒಂದು ತಣ್ಣಗಾಗಿತ್ತು.

ಡಾಕ್ಟರ್ ಏನೂ ಅನ್ನಲಿಲ್ಲ, ನಾನೇ ಕೇಳಿದೆ. "ಎರಡು ಮೂರು ದಿನ ಹಾಲು ಸರಿ ಸಿಕ್ಕಿಲ್ಲ" ಅಂದ್ರು. ತಾಯಿ ಎರಡು ದಿನ ಎಲ್ಲಿ ಅಡಗಿತ್ತು, ಯಾರಿಗೆ ಹೆದರಿ ಅಡಗಿತ್ತು ಅಂತ ನಂಗ ಗೊತ್ತಿತ್ತು. ಮೊದಲನೇ ದಿನಾನ ಮೌಶಿ ಮನಿಗೆ ಹೋಗಿದ್ರ! ಅದನ್ನ ಹಲಸಿನ ಗಿಡದ ಕೆಳಗ ಮಣ್ಣು ಮಾಡಿ ಬಂದ್ವಿ.

ಬೂದಿ ಕಾಲು ಉಳೀಲಿಲ್ಲ, ತಗೀಬೇಕಾತು. ನಮ್ಮ ಹಿತ್ತಲ ಖೋಲಿಯೊಳಗ ಎರಡೂ ಮರಿ ಜೋಡಿ ಎರಡು ವಾರ ಇಟ್ಟಿದ್ವಿ. ಒಂದು ಸಲಾನೂ ಕೈ ಮುಟ್ಟಿಸಿಕೊಳ್ಳಲಿಲ್ಲ. ಬಾಗಲಾ ತಗದ್ರ ಸಾಕು ಹಲ್ಲು ಕಿಸೀತಿತ್ತು. ಮರಿ ಹಾಲು ಬಿಟ್ಟ ಮ್ಯಾಲೆ ಅದಕ್ಕ ಆಪರೇಷನ್ ಆತು, ಕಿವಿ ತುದಿ ಹೋತು. ಎರಡು ಮರಿಯೊಳಗ ಒಂದನ್ನ ಹೂವಿನಾಕಿ ಒಯ್ದಳು, ಒಂದು ನಮ್ಮನ್ಯಾಗೇ ಉಳಕೊಂಡದ. ಬೂದೀನ ಅದರ ಹಿತ್ತಲಕ್ಕೇ ಬಿಟ್ವಿ. ಕೀಲಿ ತಗದು, ಗೇಟಿನಿಂದ.

ನಿಮಗ ಹಿಂಗ ಪ್ರಸಂಗ ಬಂದ್ರ ನಾಲ್ಕು ಮಾತು ನೆನಪಿಡ್ರಿ. ಬರೀ ಕೈಲೆ ಹಿಡೀಬ್ಯಾಡ್ರಿ. ಕಚ್ಚಿದ್ರ, ಪರಚಿದ್ರ ಹದಿನೈದು ಮಿನಿಟು ಸಾಬಾಣ ನೀರಿಲೆ ತೊಳದು ಅವತ್ತೇ ರೇಬೀಸ್ ಸೂಜಿಗೆ ಹೋಗ್ರಿ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಗುಳಿಗಿ ಬೆಕ್ಕಿಗೆ ವಿಷ, ಒಂದು ಚೂರೂ ಹಾಕಬ್ಯಾಡ್ರಿ. ಗಾಯಕ್ಕ ಡೆಟ್ಟಾಲ್ ಹಚ್ಚಬ್ಯಾಡ್ರಿ, ಅದನ್ನ ನೆಕ್ಕಿ ಇನ್ನಷ್ಟು ಕೆಡ್ತದ. ಹೆಣ್ಣು ಬೆಕ್ಕಾದ್ರ ಮೊದಲ ಹೊಟ್ಟಿ ನೋಡ್ರಿ, ಮರಿ ಎಲ್ಲವ ಅಂತ ವಿಚಾರ ಮಾಡ್ರಿ.

ಮತ್ತ ನಿಮ್ಮ ಓಣ್ಯಾಗೂ ಕೀಲಿ ಹಾಕಿದ ಮನಿ ಒಂದೆರಡು ಇದ್ದೇ ಇರ್ತಾವ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕಾ ಅಂತ ಹೋಗ್ಯಾರ. ಅವುಗಳ ಕೀಲಿಕೈ ಯಾರ ಹತ್ರ ಅದ ಅಂತ ಇವತ್ತ ಕೇಳಿ ಇಟ್ಟುಕೊಳ್ರಿ, ಪ್ರಸಂಗ ಬರೂಕಿಂತ ಮೊದಲ.

ಪುಣೆದ ಅಜ್ಜಿ ಪ್ರತಿ ಶುಕ್ರವಾರ ಮೌಶಿಗೆ ಫೋನ್ ಮಾಡ್ತಾರ. "ತುಳಸಿಗೆ ದೀಪಾ ಹಚ್ಚಿದಳೇನು?" ಅಂತ ಮೊದಲ ಕೇಳತಾರ. ಆಮ್ಯಾಲೆ, "ಕುಂಟಿ ಉಂಡಳೇನು?" ಅಂತಾರ.